ತುರಾಯಿಯನ್ನು ನಡೆಸಿಕೊಂಡು ಹೋದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಅಡುಗೆಮನೆಯ ಗೋಡೆಯಾಚೆಗೆ ಒಂದು ಕುದುರೆ ಇರುತ್ತಿತ್ತು. ಅವನು ಗೋಡೆಗೆ ಮೈ ಉಜ್ಜಿಕೊಂಡರೆ ನಮ್ಮ ಹಲಗೆಯ ಮೇಲಿನ ಲೋಟಗಳು ಗಲಗಲ ಎನ್ನುತ್ತಿದ್ದವು. ಹಳೇ ಮದ್ರಾಸ್ ರಸ್ತೆಯಲ್ಲಿ ಬೆನ್ನಿಗಾನಹಳ್ಳಿ ಕೆರೆ ದಾಟಿದ ಮೇಲೆ ಆಗ ಒಂದು ಕುದುರೆ ಫಾರಂ ಇತ್ತು. ಅಪ್ಪ ಅಲ್ಲಿ ಸೈಸ್ ಆಗಿದ್ದರು. ಸೈಸ್ ಅಂದರೆ ಕುದುರೆಯ ಮೈ ತಿಕ್ಕಿ, ಮೇವು ಹಾಕಿ, ಕಾಲು ನೀವಿ, ಅದನ್ನು ಮಗುವಿನ ಹಾಗೆ ನೋಡಿಕೊಳ್ಳುವವರು.

ರೇಸಿನ ಪುಸ್ತಕದಲ್ಲಿ ಅವನಿಗೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಅದು ನಮ್ಮ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಮೈಬಣ್ಣ ಹೊಸ ಹುಣಸೆಹಣ್ಣಿನದು. ಹಣೆಯ ಮೇಲೆ ಪೇಟಕ್ಕೆ ಸಿಕ್ಕಿಸಿದ ಗರಿಯಂತೆ ಬಿಳಿಯ ಮಚ್ಚೆ. ಅದಕ್ಕೇ ಅಪ್ಪ ಅವನನ್ನು ತುರಾಯಿ ಎಂದು ಕರೆದರು. ಎರಡು ವರ್ಷದ ಮರಿಯಾಗಿ ಅವನು ರೇಸ್ ಕೋರ್ಸಿಗೆ ಬಂದಾಗಿನಿಂದ ಅಪ್ಪನೇ ಅವನ ಜೊತೆ. ಓಡಿದ ಮೊದಲ ಐದು ರೇಸುಗಳನ್ನೂ ಅವನು ಗೆದ್ದನಂತೆ. ಕೊನೆಯ ತಿರುವಿನವರೆಗೆ ಹಿಂದೆಯೇ ಇದ್ದು, ಆಮೇಲೆ ಕಿವಿಗಳನ್ನು ಹಿಂದಕ್ಕೆ ಮಡಚಿ ಒಂದೊಂದೇ ಕುದುರೆಯನ್ನು ದಾಟುತ್ತಿದ್ದನಂತೆ. ಜನ ಬೆಂಚುಗಳ ಮೇಲೆ ಹತ್ತಿ ಕೂಗುತ್ತಿದ್ದರಂತೆ. ಆರನೆಯದು ದೊಡ್ಡ ರೇಸು. ಅದನ್ನೂ ಗೆದ್ದ. ಆದರೆ ಗೆದ್ದು ನಿಂತಾಗ ಮುಂದಿನ ಎಡಗಾಲನ್ನು ನೆಲಕ್ಕೆ ಊರಲು ಅವನಿಗೆ ಆಗಲಿಲ್ಲ. ಮೊಣಕಾಲಿನ ಕೆಳಗಿನ ನರ ಹರಿದಿತ್ತು.

ಅವನು ಮತ್ತೆ ಓಡಲಿಲ್ಲ. ಇವನ ಮರಿಗಳನ್ನು ಓಡಿಸೋಣ ಎಂದು ಯಜಮಾನರು ಅವನನ್ನು ಫಾರಂಗೆ ಕಳಿಸಿದರು. ಅಪ್ಪ ಹಲಸೂರಿನ ಮನೆ ಬಿಟ್ಟು, ಅಮ್ಮನನ್ನೂ ಅಕ್ಕನನ್ನೂ ಎತ್ತಿನಗಾಡಿಯಲ್ಲಿ ಕೂರಿಸಿಕೊಂಡು ಅವನ ಹಿಂದೆಯೇ ಬಂದರು. ನಾನು ಹುಟ್ಟಿದ್ದು ಅಲ್ಲಿಯೇ. ಮೊದಲಿನ ವರ್ಷಗಳಲ್ಲಿ ಪುಣೆ, ಮದ್ರಾಸ್ ಕಡೆಯಿಂದ ಹೆಣ್ಣು ಕುದುರೆಗಳನ್ನು ಹೇರಿಕೊಂಡು ಲಾರಿಗಳು ಸಾಲಾಗಿ ಬರುತ್ತಿದ್ದವು. ಮರಿಗಳು ಹುಟ್ಟಿದವು. ಅವು ಕಡ್ಡಿಯಂಥ ಕಾಲುಗಳ ಮೇಲೆ ನಡುಗುತ್ತ ಎದ್ದು ನಿಲ್ಲುವುದನ್ನು ನಾನೂ ಅಕ್ಕನೂ ಬೇಲಿಯ ಸಂದಿನಿಂದ ನೋಡುತ್ತಿದ್ದೆವು. ಅದೇ ಹುಣಸೆ ಬಣ್ಣ, ಕೆಲವಕ್ಕೆ ಅದೇ ಬಿಳಿ ಗರಿ. ಬೆಳೆದು ರೇಸಿಗೆ ಹೋದವು. ಒಂದೂ ಗೆಲ್ಲಲಿಲ್ಲ. ಅಪ್ಪ ಪ್ರತಿ ವಾರ ಟೀ ಅಂಗಡಿಯಲ್ಲಿ ಪೇಪರ್ ಓದಿಸಿಕೊಂಡು ಬಂದು ಸುಮ್ಮನೆ ಕೂರುತ್ತಿದ್ದರು. ಓಟ ಇವನ ಕಾಲಲ್ಲಿತ್ತು, ರಕ್ತದಲ್ಲಿ ಇರಲಿಲ್ಲ ಎಂದು ಜನ ಆಡಿಕೊಂಡರು. ಬರುವ ಲಾರಿಗಳು ಕಡಿಮೆಯಾದವು. ನನಗೆ ಒಂಬತ್ತು ವರ್ಷವಾದಾಗ ಒಂದೂ ಬರಲಿಲ್ಲ.

ಆ ವರ್ಷವೇ ಯಜಮಾನರು ಫಾರಂ ಮಾರಿದರು. ಜಾಗದಲ್ಲಿ ಸೈಟುಗಳ ಕಲ್ಲು ನೆಟ್ಟಾಗಿತ್ತು. ಹೆಣ್ಣು ಕುದುರೆಗಳೆಲ್ಲ ಬೇರೆ ಫಾರಂಗಳಿಗೆ ಹೋದವು. ತುರಾಯಿ ಒಬ್ಬನೇ ಉಳಿದ. ಯಜಮಾನರು ಕೆಟ್ಟವರಲ್ಲ. ಇವನನ್ನು ಯಾರಾದರೂ ಕಟುಕರ ಕೈಗೆ ಕೊಡುವುದಕ್ಕಿಂತ ಡಾಕ್ಟರನ್ನು ಕರೆಸಿ ನೋವಿಲ್ಲದೆ ಕಳಿಸಿಬಿಡೋಣ ಎಂದರು. ಅಪ್ಪ ಅವರ ಮುಂದೆ ಕೈ ಮುಗಿದು ಒಂದು ದಿನ ಕೇಳಿಕೊಂಡರು. ಅವನನ್ನು ಇಟ್ಟುಕೊಳ್ಳುವವರು ಸಿಕ್ಕರೆ ಕೊಟ್ಟುಬಿಡು, ಸಿಗದಿದ್ದರೆ ನಾಳೆ ಸಂಜೆ ಡಾಕ್ಟರು ಬರುತ್ತಾರೆ ಎಂದು ಯಜಮಾನರು ಒಪ್ಪಿದರು.

ಅಮ್ಮ ಆಗ ಬಾಣಂತನಕ್ಕೆ ತವರಿಗೆ ಹೋಗಿದ್ದರು. ನಮ್ಮಿಬ್ಬರನ್ನೇ ಮನೆಯಲ್ಲಿ ಬಿಡುವ ಹಾಗಿರಲಿಲ್ಲ. ಹೀಗಾಗಿ ಮರುದಿನ ಬೆಳಿಗ್ಗೆ ಅಪ್ಪ, ಅಕ್ಕ, ನಾನು ಮೂವರೂ ತುರಾಯಿಯನ್ನು ಹಿಡಿದುಕೊಂಡು ಹೊರಟೆವು. ಅಪ್ಪ ಅವನ ಮೈಯನ್ನು ಹೊಳೆಯುವಂತೆ ತಿಕ್ಕಿದ್ದರು. ಅಕ್ಕ ಅವನ ಕುತ್ತಿಗೆಯ ಕೂದಲನ್ನು ಜಡೆ ಹೆಣೆದಿದ್ದಳು. ಹೆಣ್ಣು ತೋರಿಸಲು ಕರೆದುಕೊಂಡು ಹೋಗುವವರ ಹಾಗೆ ಇದ್ದೆವು. ಸ್ವಲ್ಪ ದೂರ ನಡೆದ ಮೇಲೆ ನನ್ನ ಕಾಲು ನೋಯತೊಡಗಿತು. ಅಪ್ಪ ನನ್ನನ್ನು ಎತ್ತಿ ಅವನ ಬೆನ್ನಿನ ಮೇಲೆ ಕೂರಿಸಿದರು. ಜೀನು ಇರಲಿಲ್ಲ. ಅವನ ಮೈ ಒಲೆಯ ಪಕ್ಕದ ಗೋಡೆಯಂತೆ ಬೆಚ್ಚಗಿತ್ತು. ಬೆವರು, ಹುಲ್ಲು, ಬೇಯಿಸಿದ ಹುರುಳಿ ಮೂರೂ ಬೆರೆತ ವಾಸನೆ. ಎಡಗಾಲು ಊರುವಾಗಲೆಲ್ಲ ಅವನ ಹೆಗಲು ಒಂದಿಷ್ಟು ಕುಸಿಯುತ್ತಿದ್ದುದು ನನಗೆ ಮೇಲೆ ಕೂತಲ್ಲಿ ಗೊತ್ತಾಗುತ್ತಿತ್ತು.

ಹಲಸೂರು ಕೆರೆಯ ಹತ್ತಿರ ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಒಬ್ಬ ದೊರೆಸಾನಿ ಇದ್ದರು. ಅವರು ತುರಾಯಿಯ ಕಾಲನ್ನು ಮುಟ್ಟಿ ಮುಟ್ಟಿ ನೋಡಿದರು. ಅವರಿಗೂ ಅವನ ರೇಸುಗಳು ನೆನಪಿದ್ದವು. ಆದರೆ ಇವನು ಬೀಜ ಒಡೆಸದ ಗಂಡು ಕುದುರೆ, ಮಕ್ಕಳು ಓಡಾಡುವ ಕಡೆ ಕಟ್ಟಿಕೊಳ್ಳಲು ನನಗೆ ಧೈರ್ಯವಿಲ್ಲ ಎಂದು ಅರ್ಧ ತಮಿಳಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿ, ನನ್ನ ಕೈಗೂ ಅಕ್ಕನ ಕೈಗೂ ಒಂದೊಂದು ಬಿಸ್ಕತ್ತು ಕೊಟ್ಟು ಗೇಟಿನವರೆಗೆ ಬಂದರು.

ಶಿವಾಜಿನಗರ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಟೀ ಅಂಗಡಿಯ ಮುಂದೆ ನಿಂತಿದ್ದವರೊಬ್ಬರು ಹಣೆಯ ಮಚ್ಚೆ ನೋಡಿ ಗುರುತು ಹಿಡಿದರು. ಒಬ್ಬರು ಹೇಳಿದ್ದೇ ತಡ, ಹತ್ತು ಜನ ಸೇರಿದರು. ಒಬ್ಬ ಮುದುಕರು ಅವನ ಗೊರಸು ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾರೋ ಬೆಲ್ಲ ತಂದರು. ಅವನು ಕಿವಿ ನೆಟ್ಟಗೆ ಮಾಡಿ, ಕತ್ತು ಎತ್ತಿ ನಿಂತುಬಿಟ್ಟ. ಜನ ಕೂಗುವುದನ್ನು ಕಾಯುತ್ತಿದ್ದ ಹಾಗಿತ್ತು. ಆಗ ಅಪ್ಪ, ಎಂದೂ ಯಾರನ್ನೂ ಏನನ್ನೂ ಕೇಳದ ಅಪ್ಪ, ಇವನನ್ನು ಯಾರಾದರೂ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಗೇ ಕರಗಿದರು.

ಕೊನೆಗೆ ಉಳಿದದ್ದು ಚಾಚಾ. ಅಪ್ಪನ ಹಳೆಯ ಸ್ನೇಹಿತರು, ಮದುವೆ ಮೆರವಣಿಗೆಗೆ ಕುದುರೆ ಕೊಡುವವರು. ಅವರ ಲಾಯ ಮಸೀದಿಯ ಹಿಂದಿನ ಓಣಿಯಲ್ಲಿತ್ತು. ಚಾಚಾ ತುರಾಯಿಯ ಕತ್ತನ್ನು ತಬ್ಬಿಕೊಂಡರು. ಮೆರವಣಿಗೆಯಲ್ಲಿ ನಿಧಾನ ನಡೆದರೆ ಸಾಕು, ಕಾಲು ಅಡ್ಡಿಯಿಲ್ಲ ಎಂದರು. ಬ್ಯಾಂಡಿನ ಹುಡುಗರನ್ನು ಕರೆಸಿ ಅವನ ಕಿವಿಯ ಹತ್ತಿರವೇ ತಮಟೆ ಹೊಡೆಸಿದರು. ತುರಾಯಿ ಅಲುಗಾಡಲಿಲ್ಲ. ಅಕ್ಕ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅಪ್ಪ ಆ ದಿನ ಮೊದಲ ಸಲ ನಕ್ಕರು. ಚಾಚಾ ನಮಗೆಲ್ಲ ಚಹಾ ತರಲು ಹೇಳಿ, ಅವನಿಗೆ ಜಾಗ ಮಾಡಲೆಂದು ಒಳಗಿನ ಬಿಳಿ ಕುದುರೆಯನ್ನು ಹೊರಗೆ ಬಿಡಿಸಿದರು. ಅದು ಹೆಣ್ಣು ಕುದುರೆ.

ತುರಾಯಿ ಹಾಗೆ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹಿಂಗಾಲ ಮೇಲೆ ನಿಂತ. ಹಗ್ಗ ಹಿಡಿದಿದ್ದ ಅಪ್ಪನನ್ನು ಎಳೆದುಕೊಂಡು ಹೋದ. ಒಂದು ತಳ್ಳುಗಾಡಿ ಉರುಳಿ ಮೋಸಂಬಿ ಓಣಿಯ ತುಂಬ ಚೆಲ್ಲಿತು. ಬಾಗಿಲಲ್ಲಿದ್ದ ಚಾಚಾನ ಮೊಮ್ಮಗನ ತಲೆಯ ಪಕ್ಕ, ಒಂದು ಗೇಣಿನಷ್ಟು ದೂರದಲ್ಲಿ, ಅವನ ಗೊರಸು ಗೋಡೆಗೆ ಬಡಿದು ಗಾರೆ ಕಿತ್ತುಬಂತು. ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ಅಪ್ಪನ ಅಂಗೈ ಸುಲಿದುಹೋಗಿತ್ತು. ಚಾಚಾ ಮಗುವನ್ನು ಎದೆಗವಚಿಕೊಂಡರು. ಆಮೇಲೆ ಅಕ್ಕನಿಗೆ ಹೇಳಿದರು:

"ಅದರದ್ದು ತಪ್ಪಿಲ್ಲ, ಬೇಟಿ. ಇಷ್ಟು ವರ್ಷ ಅದಕ್ಕೆ ಇದೇ ಕೆಲಸ ಕಲ್ಸಿದ್ದು ನಾವೇ ಅಲ್ವಾ."

ವಾಪಸು ಬರುವಾಗ ನಾನು ಅವನ ಬೆನ್ನ ಮೇಲೆ ಕತ್ತಿಗೆ ಒರಗಿ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಫಾರಂನ ಗೇಟಿನಲ್ಲಿ ಯಜಮಾನರ ಕಾರು ನಿಂತಿತ್ತು. ಡಾಕ್ಟರು ನೀಲಗಿರಿ ಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ನನ್ನನ್ನೂ ಅಕ್ಕನನ್ನೂ ನೋಡಿ ಅವರ ಮನಸ್ಸು ಅಳುಕಿತೇನೋ. ಇನ್ನೊಂದು ದಾರಿಯಿದೆ ಎಂದರು. ಹಾವು ಕಚ್ಚಿದವರಿಗೆ ಕೊಡುವ ಔಷಧಿಯನ್ನು ಕುದುರೆಯ ರಕ್ತದಿಂದ ಮಾಡುತ್ತಾರೆ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಆಮೇಲೆ ಕತ್ತಿನಿಂದ ರಕ್ತ ತೆಗೆಯುತ್ತಾರೆ. ಅಂಥ ಕಡೆಗೆ ಕುದುರೆ ಬೇಕಂತೆ, ಬೆಳಿಗ್ಗೆ ಲಾರಿ ಕಳಿಸುತ್ತಾರೆ ಎಂದು ವಿವರಿಸಿದರು.

ಅಪ್ಪ ಬೇಡ ಎಂದರು. ಅಕ್ಕ ಅವರ ತೋಳು ಹಿಡಿದುಕೊಂಡಳು. "ಬದುಕಿರ್ತಾನಲ್ಲಪ್ಪ. ಹೇಗೋ ಒಂದು, ಬದುಕಿರ್ತಾನಲ್ಲ." ಅಪ್ಪ ತುರಾಯಿಯನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು. ಆಮೇಲೆ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. ಅಂಗೈಗೆ ಸುತ್ತಿದ್ದ ಬಟ್ಟೆಯಲ್ಲಿ ರಕ್ತ ಒಣಗಿತ್ತು.

"ನೀನ್ ಹೇಳಮ್ಮ," ಎಂದರು. "ನನಗೇನೂ ತೋಚ್ತಾ ಇಲ್ಲ."

"ಸಾಯಿಸೋದು ಬೇಡಪ್ಪ," ಎಂದೆ.

ಲಾರಿ ಬೆಳಿಗ್ಗೆ ಬಂತು. ಅವನು ತಕರಾರಿಲ್ಲದೆ ಹಲಗೆ ಹತ್ತಿದ. ರೇಸಿಗೆ ಹೋಗುವಾಗಲೂ ಹೀಗೇ ಹತ್ತುತ್ತಿದ್ದ ಎಂದರು ಅಪ್ಪ. ನಾನೂ ಅಕ್ಕನೂ ಅವನನ್ನು ಉಳಿಸಿದೆವೆಂಬ ಸಂತೋಷದಲ್ಲಿ ರಸ್ತೆಯವರೆಗೆ ಓಡಿ ಕೈ ಬೀಸಿದೆವು.

ಒಂದು ವರ್ಷದ ಮೇಲೆ ಅಪ್ಪ ಅವನನ್ನು ನೋಡಲು ಹೋಗಿದ್ದರು. ಬಂದು ಚೆನ್ನಾಗಿದ್ದಾನೆ ಎಂದಷ್ಟೇ ಹೇಳಿದರು. ನಿಜ ನನಗೆ ಗೊತ್ತಾದದ್ದು ಅಪ್ಪ ತೀರಿಕೊಂಡ ಮೇಲೆ, ಅಕ್ಕನಿಂದ. ಸಾಲಾಗಿ ಕುದುರೆಗಳನ್ನು ಕಟ್ಟಿದ್ದರಂತೆ, ಹೆಸರಿಲ್ಲ, ಬರೀ ನಂಬರು. ಪಕ್ಕೆಲುಬು ಎಣಿಸುವಂತಿದ್ದನಂತೆ. ಕತ್ತಿನ ತುಂಬ ಸೂಜಿಯ ಗಂಟುಗಳು. ಅಪ್ಪ ತುರಾಯಿ ಎಂದು ಕರೆದರೂ ತಲೆ ಎತ್ತಲಿಲ್ಲವಂತೆ. ಕತ್ತು ಸವರಲೆಂದು ಕೈ ಚಾಚಿದರೆ, ಹನ್ನೊಂದು ವರ್ಷ ತನ್ನ ಮೈ ತಿಕ್ಕಿದ ಕೈಯನ್ನು ಕಂಡು, ನಡುಗುತ್ತ ಹಿಂದಕ್ಕೆ ಸರಿದನಂತೆ. ಆ ಸಂಜೆಯ ತೀರ್ಮಾನವನ್ನು ಮಗುವಿನ ಬಾಯಿಂದ ಹೇಳಿಸಬಾರದಿತ್ತು ಎಂದು ಅಪ್ಪ ಅಕ್ಕನ ಹತ್ತಿರ ಅತ್ತಿದ್ದರಂತೆ.

ಈ ಕಥೆಯನ್ನು ಮೊದಲ ಸಲ ಹೇಳಿದಾಗ ನೀವು, ಆ ಔಷಧಿಯಿಂದ ಎಷ್ಟೋ ಜನ ಉಳಿದಿರುತ್ತಾರಲ್ಲ ಅಜ್ಜಿ ಎಂದಿರಿ. ಉಳಿದಿರುತ್ತಾರೆ, ಮಕ್ಕಳೇ. ನಾನೂ ನನಗೆ ಅದನ್ನೇ ಹೇಳಿಕೊಳ್ಳುತ್ತೇನೆ. ಹೇಳಿಕೊಂಡ ಮೇಲೂ ಆ ಕತ್ತು ಹಿಂದಕ್ಕೆ ಸರಿಯುವುದು ನಿಲ್ಲುವುದಿಲ್ಲ.

ನಾವು ಇಡೀ ಬೆಳಿಗ್ಗೆ ನಡೆದ ಆ ದಾರಿಯ ಮೇಲೆ ಈಗ ಮೆಟ್ರೋ ಓಡುತ್ತದೆ. ಬೆನ್ನಿಗಾನಹಳ್ಳಿಯಲ್ಲಿ ಹತ್ತಿದರೆ ನಿಮ್ಮ ಫೋನಿನ ಆಟ ಒಂದು ಸುತ್ತು ಮುಗಿಯುವುದರೊಳಗೆ ಹಲಸೂರು ಬರುತ್ತದೆ. ಫಾರಂ ಇದ್ದ ಕಡೆ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ ಯಾವುದರ ಕೆಳಗೆ ನಮ್ಮ ಅಡುಗೆಮನೆ ಇತ್ತೆಂದು ನನಗೂ ಗೊತ್ತಾಗುವುದಿಲ್ಲ. ನಿಮ್ಮ ಮನೆಯಲ್ಲಿ ಎಲ್ಲದಕ್ಕೂ ನಿಮ್ಮನ್ನು ಕೇಳುತ್ತಾರೆ. ಯಾವ ಊಟ ತರಿಸೋಣ, ಗೋಡೆಗೆ ಯಾವ ಬಣ್ಣ ಬಳಿಸೋಣ, ರಜಕ್ಕೆ ಎಲ್ಲಿಗೆ ಹೋಗೋಣ. ತಪ್ಪಾದರೆ ನಾಳೆ ಬೇರೆಯದನ್ನು ಹೇಳುತ್ತೀರಿ. ಒಳ್ಳೆಯದೇ. ನಮ್ಮ ಕಾಲದಲ್ಲಿ ಮಕ್ಕಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನನ್ನನ್ನು ಕೇಳಿದ್ದು ಒಂದೇ ಒಂದು ಸಲ.