ಯಾರೂ ಕದಿಯದ ಕೂಸು

ಮುಕುತಾಯ್‌ನಲ್ಲಿ ಮೊದಲು ದೆಯಾನಿರಾಳ ಜೀಪಿನ ಸದ್ದು ಕೇಳುತ್ತದೆ, ಆಮೇಲೆ ಅವಳ ಹಾಡು, ಕೊನೆಗೆ ಅವಳ ಬೈಗುಳ. ಬೆಟ್ಟದ ಮೇಲಿನ ಈ ಊರಿನಿಂದ ಕೆಳಗಿನ ಪೇಟೆಗೆ ಜನರನ್ನೂ ಬೆಳ್ಳುಳ್ಳಿ ಮೂಟೆಗಳನ್ನೂ ಸಾಗಿಸುವುದು ಅವಳ ಕೆಲಸ. ಮಂಜು ಕವಿದು ರಸ್ತೆ ಎಲ್ಲಿ, ಪ್ರಪಾತ ಎಲ್ಲಿ ಎಂದು ತಿಳಿಯದ ಬೆಳಗಿನಲ್ಲೂ ಅವಳು ಒಂದು ಕೈ ಕಿಟಕಿಯ ಹೊರಗಿಟ್ಟುಕೊಂಡೇ ಗಾಡಿ ಓಡಿಸುತ್ತಾಳೆ. ಹಿಂದೆ ಕೂತವರು ದೇವರ ನಾಮ ಜಪಿಸಿದರೆ ಅವಳಿಗೆ ಸಿಟ್ಟು ಬರುತ್ತದೆ. "ಸ್ಟೇರಿಂಗ್ ಹಿಡಿದಿರೋದು ನಾನು, ನೀನು ಅವನನ್ನ ಯಾಕೆ ಕರೀತೀಯ?" ಎನ್ನುತ್ತಾಳೆ.

ಅವಳು ಇಲ್ಲಿಯವಳಲ್ಲ. ಸರೋವರದ ದಡದ ಮರಕಾಯ್ಬೊದವಳು. ಅಲ್ಲಿ ಸೆಕೆ, ಗದ್ದಲ, ಪ್ರೀತಿಯ ಮಾತನ್ನೂ ಕೂಗಿಯೇ ಹೇಳುವ ಜನ. ಇಲ್ಲಿ ಬೆಟ್ಟದವರು ಜಗಳವನ್ನೂ ಪಿಸುಮಾತಿನಲ್ಲಿ ಆಡುತ್ತಾರೆ, ನಾಯಿಯನ್ನೂ 'ನೀವು ಆಚೆ ಹೋಗಿ' ಎಂದು ಓಡಿಸುತ್ತಾರೆ. ಇಂಥ ಊರಿಗೆ ಸೊಯ್ಲೊನನ್ನು ಮದುವೆಯಾಗಿ ಬಂದ ದೆಯಾನಿರಾ ಪಾದ್ರಿಯಿಂದ ಹಿಡಿದು ಉಳುವ ಎತ್ತಿನವರೆಗೆ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸಿದಳು. ಮೊದಮೊದಲು ಜನ ಹುಬ್ಬು ಗಂಟಿಕ್ಕಿದರು, ಆಮೇಲೆ ಒಗ್ಗಿಹೋಯಿತು. ಸೊಯ್ಲೊ ಬೆಳ್ಳುಳ್ಳಿ ಬೆಳೆಯುವವನು, ಊರಿನ ಪಿಟೀಲುಗಾರ, ದಿನಕ್ಕೆ ನಾಲ್ಕು ಮಾತಾಡಿದರೆ ಅದೇ ಹೆಚ್ಚು. ಹೆಂಡತಿ ಇಬ್ಬರ ಪಾಲಿನದನ್ನೂ ಮಾತಾಡಿ ಮುಗಿಸುತ್ತಿದ್ದಳು.

ಡಿಸೆಂಬರ್ ಬಂದರೆ ಊರಿನ ಪ್ರತಿ ಮನೆಯಲ್ಲೂ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟುವ ಸಂಭ್ರಮ. ಹಳೆಯ ಗೋಣಿಚೀಲಕ್ಕೆ ಬಣ್ಣ ಬಳಿದು ಬೆಟ್ಟ ಮಾಡುವುದು, ಒಡೆದ ಕನ್ನಡಿಯಿಂದ ಕೆರೆ, ಹತ್ತಿಯಿಂದ ಕುರಿ. ದೆಯಾನಿರಾಳ ಗೋದಲಿಯಲ್ಲಿ ಕನ್ನಡಿ ಎಲ್ಲರದಕ್ಕಿಂತ ದೊಡ್ಡದು, ಅದರ ಮೇಲೆ ಬೆತ್ತದ ಕಡ್ಡಿಗಳಿಂದ ಕಟ್ಟಿದ ಒಂದು ಉದ್ದನೆಯ ಸೇತುವೆ, ಅವಳ ಊರಿನದು. ಬಂದ ಮೊದಲ ವರ್ಷವೇ ಅತ್ತೆ ಕೇಳಿದ್ದಳು, "ಬೆತ್ಲೆಹೇಮಿನಲ್ಲಿ ಸೇತುವೆ ಎಲ್ಲಿತ್ತಮ್ಮಾ?"

"ಇರ್ಲಿಲ್ಲ. ಅದಕ್ಕೇ ಪಾಪ ಆ ಬಸುರಿ ಕತ್ತೆ ಮೇಲೆ ಸುತ್ತಿ ಬಳಸಿ ಹೋಗ್ಬೇಕಾಯ್ತು."

ಕ್ರಿಸ್ಮಸ್ ರಾತ್ರಿ ಗೋದಲಿಯಲ್ಲಿ ಕೂಸನ್ನು, ಅಂದರೆ ಬಾಲಯೇಸುವಿನ ಪುಟ್ಟ ಬೊಂಬೆಯನ್ನು, ಮಲಗಿಸುತ್ತಾರೆ. ಫೆಬ್ರುವರಿ ಎರಡರ ಮೇಣದಬತ್ತಿ ಹಬ್ಬದೊಳಗೆ ಅದನ್ನು ಎಬ್ಬಿಸಿ ನಿಲ್ಲಿಸಬೇಕು. ಕೂಸಿಗೂ ಕಾಲು ಬರಬೇಕಲ್ಲ. ನಿಲ್ಲಿಸಲು ತಡ ಮಾಡಿದ ಮನೆಗೆ ಯಾರಾದರೂ ನುಗ್ಗಿ ಕೂಸನ್ನು ಕದಿಯುತ್ತಾರೆ. ಆಗ ಮನೆಯವರು ಪಿಟೀಲು, ಮೇಣದಬತ್ತಿ, ಅರ್ಧ ಊರನ್ನು ಕಟ್ಟಿಕೊಂಡು ಮನೆಮನೆ ಹುಡುಕುತ್ತಾರೆ. ಸಿಕ್ಕ ಮನೆಯಲ್ಲಿ ಎಲ್ಲರಿಗೂ ವೈನು. ಅಲ್ಲಿಂದ ಕೂಸನ್ನು ರೇಷ್ಮೆ ಬಟ್ಟೆಯಲ್ಲಿಟ್ಟು, ನಾಲ್ವರು ನಾಲ್ಕು ಮೂಲೆ ಹಿಡಿದು, ಹಾಡುತ್ತಾ ಮನೆಗೆ ಕರೆತಂದು ನಿಲ್ಲಿಸಿ, ಮೊಟ್ಟೆ ಹಾಕಿ ಉಬ್ಬಿಸಿದ ಕೇಕು ಹಂಚುತ್ತಾರೆ. ಆ ನಾಲ್ವರು ಅವತ್ತಿನಿಂದ ಆ ಮನೆಗೆ ನೆಂಟರು, ಸಾಯುವವರೆಗೂ. ಇದು ಕಳ್ಳತನವಲ್ಲ ಎಂದು ಇಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೆಯಾನಿರಾಳಿಗೂ ಯಾರೂ ಹೇಳಿರಲಿಲ್ಲ.

ಆ ಮೊದಲ ಜನವರಿಯಲ್ಲಿ ಅವಳು ಪೇಟೆಯಿಂದ ಬಂದು ನೋಡುತ್ತಾಳೆ, ಗೋದಲಿ ಬರಿದು. ಆ ಕೂಸು ಅವಳ ಅಜ್ಜಿ ಕೊಟ್ಟದ್ದು. ಸೊಯ್ಲೊ ಹೊಲದಲ್ಲಿದ್ದ. ಅತ್ತೆ ಒಲೆಯ ಮುಂದೆ ಕೂತು ಶಾಲಿನ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಸೊಸೆಗೆ ಅದು ಅಳುವಿನಂತೆ ಕಂಡಿತು. ಕೆಂಡಾಮಂಡಲವಾದ ದೆಯಾನಿರಾ ಜೀಪು ತಿರುಗಿಸಿ ಪೇಟೆಗೆ ಹೋಗಿ ಒಬ್ಬ ಪೊಲೀಸನನ್ನೇ ಹತ್ತಿಸಿಕೊಂಡು ಬಂದಳು. ಕಿಟಕಿಗಳನ್ನು ಇಣುಕುತ್ತಾ ಹೋಗಿ, ಊರವರು ಗೌರವದಿಂದ ದೋನ್ ಅಬ್ದೋನ್ ಎನ್ನುವ ಕಂಬಳಿ ನೇಯುವವನ ಮನೆಯಲ್ಲಿ ಕೂಸನ್ನು ಕಂಡುಹಿಡಿದಳು. ಅದು ಕಸೂತಿ ಹಾಕಿದ ಹೊಸ ಬಟ್ಟೆಯ ಮೇಲೆ ಬೆಚ್ಚಗೆ ಮಲಗಿತ್ತು. ಸುತ್ತ ವೈನಿನ ಲೋಟಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಅವಳ ಕಣ್ಣಿಗೆ ಅದೊಂದೂ ಬೀಳಲಿಲ್ಲ. ಅಬ್ದೋನನನ್ನೂ ಅವನ ಹೆಂಡತಿ ಕುಸ್ತೋದಿಯಾಳನ್ನೂ ನೆರೆಹೊರೆಯವರ ಮುಂದೆ ಕಳ್ಳರು ಎಂದಳು, ಇನ್ನೂ ಏನೇನೋ ಅಂದಳು. ಅದೇ ಬೆಟ್ಟದ ಸೀಮೆಯವನಾದ ಪೊಲೀಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಾ ನಿಂತಿದ್ದ.

ರಾತ್ರಿ ಸೊಯ್ಲೊ ವಿಷಯ ತಿಳಿಸಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ, ಮೊದ್ಲೇ ಹೇಳ್ಬಾರ್ದಿತ್ತಾ ಮಾರಾಯ! ನಾಳೆಗೆ ಎಲ್ಲರೂ ಮರೀತಾರೆ ಬಿಡು." ಬೆಟ್ಟದವರು ಅಷ್ಟು ಸುಲಭಕ್ಕೆ ಮರೆಯುವವರಲ್ಲ. ಹಾಗಂತ ಯಾರೂ ಒಂದು ಮಾತು ಅನ್ನಲೂ ಇಲ್ಲ. ಜೀಪು ಹತ್ತಿದರು, ಹಬ್ಬದ ಊಟ ಕಳಿಸಿದರು, ಅವಳ ಹೆರಿಗೆಗೆ ಸಾಲಾಗಿ ಬಂದು ನಿಂತರು. ಅವಳ ಗೋದಲಿಯ ಕೂಸನ್ನು ಮಾತ್ರ ಮುಟ್ಟಲಿಲ್ಲ. ಪ್ರತಿ ವರ್ಷ ಸೊಯ್ಲೊ ಊರವರ ಕಳೆದುಹೋದ ಕೂಸುಗಳ ಹಿಂದೆ ಪಿಟೀಲು ಬಾರಿಸುತ್ತಾ ನಡೆದ. ತನ್ನ ಮನೆಯ ಕೂಸನ್ನು ಮನೆಯವರಷ್ಟೇ ನಿಲ್ಲಿಸಿ ಬಾಗಿಲು ಹಾಕಿಕೊಂಡರು. ಹೀಗೇ ಇಪ್ಪತ್ತು ವರ್ಷದ ಮೇಲಾಯಿತು. ಅಷ್ಟರಲ್ಲಿ ಅತ್ತೆ ತೀರಿಕೊಂಡಳು, ಮಗ ಬೆಳೆದು ದೂರದ ಊರು ಸೇರಿದ.

ಈ ಸಲದ ಜನವರಿಯಲ್ಲಿ ಒಂದು ಸಂಜೆ ಸೊಯ್ಲೊ ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು ಎಡಗೈ ಬೆರಳುಗಳನ್ನು ಒಂದೊಂದಾಗಿ ಎಳೆಯುತ್ತಾ ಕೂತಿದ್ದ. ಗಂಟುಗಳು ಊದಿದ್ದವು.

"ಈ ವರ್ಷವೇ ಕೊನೆ ಅನ್ಸುತ್ತೆ. ಮುಂದಿನ ವರ್ಷ ಈ ಬೆರಳು ಬಗ್ಗೋಲ್ಲ," ಎಂದ. ಪಿಟೀಲಿನ ಧೂಳು ಒರೆಸುತ್ತಾ ಮತ್ತೆ ಹೇಳಿದ, "ಎಲ್ಲರ ಮನೆ ಕೂಸಿಗೂ ನುಡಿಸ್ದೆ. ನಮ್ಮ ಕೂಸನ್ನ ಹುಡುಕ್ಕೊಂಡು ಒಂದ್ಸಲನೂ ಹೋಗ್ಲಿಲ್ಲ ನೋಡಿ."

ಅವನು ಅದನ್ನು ದೂರಿನಂತೆ ಹೇಳಲಿಲ್ಲ. ದೂರಿನಂತೆ ಹೇಳಿದ್ದರೆ ದೆಯಾನಿರಾ ಜಗಳವಾಡಿ ಹಗುರಾಗುತ್ತಿದ್ದಳು. ಈಗ ಜಗಳಕ್ಕೂ ದಾರಿ ಇರಲಿಲ್ಲ. ಆದರೆ ಕೈಕಟ್ಟಿ ಕೂರುವ ಜಾತಿ ಅವಳದಲ್ಲ. ಫೆಬ್ರುವರಿ ಎರಡಕ್ಕೆ ಇನ್ನೂ ದಿನಗಳಿದ್ದವು. ಅಷ್ಟರೊಳಗೆ ತನ್ನ ಕೂಸನ್ನು ಯಾರಿಂದಲಾದರೂ ಕದಿಸಿಯೇ ತೀರಬೇಕೆಂದು ತೀರ್ಮಾನಿಸಿದಳು.

ಮರುದಿನ ಜೀಪಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು, "ನಮ್ಮನೆ ಬೀಗ ಕೆಟ್ಟಿದೆ. ಸೊಯ್ಲೊನೂ ಹೊಲದಲ್ಲಿರ್ತಾನೆ. ಇಡೀ ದಿನ ಮನೆ ಹಾರುಹೊಡೆದಿರುತ್ತೆ."

"ಅಯ್ಯೋ ಪಾಪ, ರಿಪೇರಿ ಮಾಡಿಸಿ ದೋನ್ಯಾ ದೆಯಾನಿರಾ, ಕಾಲ ಸರಿಯಿಲ್ಲ," ಎಂದಳು ಪಕ್ಕದ ಮನೆಯ ಬೆನೀಲ್ಡೆ.

ಸಂಜೆ ಬಂದು ನೋಡಿದರೆ ಬಾಗಿಲನ್ನು ಹೊರಗಿನಿಂದ ಹಗ್ಗ ಬಿಗಿದು ಭದ್ರವಾಗಿ ಕಟ್ಟಿದ್ದರು. ಗಂಟು ಬಿಚ್ಚಲು ಚಾಕು ತರಬೇಕಾಯಿತು. ಬೆನೀಲ್ಡೆ ಬೇಲಿಯಾಚೆಯಿಂದ ಕೂಗಿದಳು, "ನಾನೇ ಕಟ್ಟಿದ್ದು. ಬೆಕ್ಕು ನುಗ್ಗೀತು ಅಂತ ಗೋದಲಿ ಮೇಲೆ ಬಟ್ಟೆನೂ ಮುಚ್ಚಿದೀನಿ. ಯೋಚ್ನೆ ಮಾಡ್ಬೇಡಿ."

ದೆಯಾನಿರಾ ಹಣೆ ಚಚ್ಚಿಕೊಂಡಳು. ಕೂಸನ್ನು ಕಿಟಕಿಯ ಪಕ್ಕಕ್ಕೇ ತಂದಿಟ್ಟಳು. ಯಾರೋ ಕಿಟಕಿ ಮುಚ್ಚಿ ಹೋದರು. ಇಂಥ ಪ್ರಾಮಾಣಿಕ ಜನರನ್ನು ಕಟ್ಟಿಕೊಂಡು ಏನು ಮಾಡುವುದೆಂದು ಅವಳಿಗೆ ತೋಚಲಿಲ್ಲ.

ಕೊನೆಗೆ ನೇರವಾಗಿ ದೋನ್ ಅಬ್ದೋನನ ಮನೆಗೇ ಹೋದಳು. ಅವನ ಹೆಂಡತಿ ಕುಸ್ತೋದಿಯಾ ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಮುದುಕ ಮಗ್ಗದ ಮುಂದೆ ಕೂತಿದ್ದ. ಮೂಲೆಯಲ್ಲಿ ಗೋದಲಿ ಇತ್ತು, ಅದರಲ್ಲಿ ಕುಸ್ತೋದಿಯಾಳ ಮರದ ಕೂಸು ಇನ್ನೂ ಮಲಗಿಯೇ ಇತ್ತು. ಸಾವಿನ ಮನೆಯೆಂದು ಅಲ್ಲಿಗೂ ಯಾರೂ ಕದಿಯಲು ಬಂದಿರಲಿಲ್ಲ.

"ಅಬ್ದೋನಣ್ಣ, ಬಂದು ನನ್ನ ಕೂಸನ್ನ ಕದಿ," ಎಂದಳು, ಕೂರುವ ಮೊದಲೇ.

"ಹೇಳಿ ಕದಿಸಿಕೊಂಡ್ರೆ ಅದೆಂಥ ಕಳ್ಳತನ? ಕೂತ್ಕೊಳ್ಳಿ."

"ಇನ್ನೂ ಆವತ್ತಿನ ಸಿಟ್ಟಾ ನಿನಗೆ?"

ಮುದುಕ ನೂಲಿನ ಉಂಡೆಯನ್ನು ಕೆಳಗಿಟ್ಟ. "ನನಗೇನಿಲ್ಲ. ಕದ್ದಿದ್ದು ನಾನಲ್ಲ, ಅವಳು. ನೀವು ಹೊಸಬರು, ಬಂಧು ಬಳಗ ಇಲ್ಲ, ಚಳೀಲಿ ಒಬ್ಬರೇ ಓಡಾಡ್ತಿದ್ರಿ. ಈ ಹುಡುಗಿಗೆ ಇಲ್ಲಿ ಯಾರಾದ್ರೂ ನೆಂಟರು ಬೇಕು, ಬಟ್ಟೆಯ ಮೂಲೆ ನಾನೇ ಹಿಡೀತೀನಿ ಅಂದ್ಲು. ನಮ್ಮಲ್ಲಿ ಇಷ್ಟವಾದವರ ಮನೆಗಷ್ಟೇ ನುಗ್ಗೋದು. ಆ ಬಟ್ಟೆಗೆ ಡಿಸೆಂಬರ್ ಪೂರ್ತಿ ಕಸೂತಿ ಹಾಕಿದ್ಲು. ಆಮೇಲೆ ಅವಳು ಯಾರ ಮನೆ ಕೂಸಿಗೂ ಕೈ ಹಾಕ್ಲಿಲ್ಲ." ಎದ್ದು ನಿಂತ. "ಇರಿ, ಕಾಫಿ ಸೋಸ್ತೀನಿ."

ಇಷ್ಟು ವರ್ಷ ದೆಯಾನಿರಾ ಅದು ಬರೀ ತಮಾಷೆಯೆಂದುಕೊಂಡಿದ್ದಳು. ತನ್ನನ್ನು ಬೇಕೆಂದು ಕೈ ಚಾಚಿದವಳನ್ನು ಕಳ್ಳಿ ಎಂದಿದ್ದಳು, ಕ್ಷಮೆ ಕೇಳಲು ಈಗ ಅವಳೇ ಇಲ್ಲ. ಮುದುಕ ಅವಳಿಗೆ ಬೆನ್ನು ಮಾಡಿ ಅಡುಗೆಮನೆಗೆ ಹೋಗಿದ್ದ. ಅವಳು ಎದ್ದು ಕುಸ್ತೋದಿಯಾಳ ಕೂಸನ್ನು ಎತ್ತಿ ಅಂಗಿಯೊಳಗೆ ಸೇರಿಸಿಕೊಂಡು ಹೊರಗೆ ಓಡಿದಳು. ಕದ್ದವರು ಸದ್ದಿಲ್ಲದೆ ಹೋಗುವುದು ವಾಡಿಕೆ. ಇವಳು ಇಡೀ ಇಳಿಜಾರಿಗೆ ಕೇಳುವಂತೆ ಹಾರ್ನ್ ಹೊಡೆಯುತ್ತಾ ಹೋದಳು. ಜನ ಬಾಗಿಲಿಗೆ ಬಂದು ನೋಡಿದರು. ಅಬ್ದೋನ್ ಕೈಯಲ್ಲಿ ಎರಡು ಲೋಟ ಕಾಫಿ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದ.

ಸೊಯ್ಲೊನಿಗೆ ಎಂದೂ ಬಾರದ ಸಿಟ್ಟು ಅವತ್ತು ಬಂತು. "ಹೆಂಡತಿ ಸತ್ತ ಮನೆಯಿಂದ ಕದಿಯೋದಾ? ಅವರು ಹುಡುಕಿಕೊಂಡು ಬರದೇ ಇದ್ರೆ ಏನ್ಮಾಡ್ತೀರಿ?"

"ಬರ್ತಾನೆ," ಎಂದಳು ದೆಯಾನಿರಾ. ಮನೆ ಗುಡಿಸಿದಳು, ಲವಂಗ ಚಕ್ಕೆ ಹಾಕಿ ವೈನು ಕಾಯಿಸಿದಳು, ಪಕ್ಕದ ಮನೆಗಳಿಂದ ಲೋಟ ತಂದಳು. ಆ ಸಂಜೆ ಯಾರೂ ಬರಲಿಲ್ಲ. ಮರುದಿನ ಸಂಜೆಯೂ ಬರಲಿಲ್ಲ. ಜೀಪಿನಲ್ಲಿ ಯಾರೂ ಆ ಮಾತೆತ್ತಲಿಲ್ಲ, ಅವಳು ಹಾಡಲೂ ಇಲ್ಲ. ಫೆಬ್ರುವರಿ ಒಂದರ ಮಧ್ಯಾಹ್ನ ಸೊಯ್ಲೊ ಪಿಟೀಲನ್ನು ಬಗಲಲ್ಲಿಟ್ಟುಕೊಂಡು "ಬರ್ತೀನಿ" ಎಂದಷ್ಟೇ ಹೇಳಿ ಹೊರಟ. ಅವಳು ಆರಿದ ವೈನನ್ನು ಮತ್ತೆ ಒಲೆಗೇರಿಸಿದಳು.

ಕತ್ತಲಾಗುವ ಹೊತ್ತಿಗೆ ಕೆಳಗಿನ ತಿರುವಿನಲ್ಲಿ ಮೇಣದಬತ್ತಿಗಳು ಕಂಡವು. ಬೇರೆ ಮನೆಗಳ ಬಾಗಿಲನ್ನೂ ತಟ್ಟಿ, ಅಲ್ಲಿಲ್ಲವೆಂದು ಗೊತ್ತಿದ್ದೂ ಕೇಳಿ, ಮೆರವಣಿಗೆ ನಿಧಾನವಾಗಿ ಮೇಲೆ ಬಂತು. ಎಲ್ಲಕ್ಕೂ ಮುಂದೆ ಸೊಯ್ಲೊನ ಪಿಟೀಲು. ಬಾಗಿಲಿಗೆ ಬಂದು ನಿಂತ ಅಬ್ದೋನ್ ಟೋಪಿ ತೆಗೆದ.

"ಒಂದು ಕೂಸು ಕಳೆದುಹೋಗಿದೆ. ಈ ಮನೆಗೇನಾದ್ರೂ ಬಂದಿದೆಯಾ?"

ಇಲ್ಲವೆಂದು ಆಟವಾಡುವುದು ವಾಡಿಕೆ. ದೆಯಾನಿರಾಳಿಗೆ ಆಟವಾಡಲು ಆಗಲಿಲ್ಲ. "ಇದೆ. ಕದ್ದವಳು ನಾನೇ," ಎಂದಳು. "ಆವತ್ತು ಪೊಲೀಸ್ ಕರ್ಕೊಂಡು ಬಂದವಳೂ ನಾನೇ. ತಪ್ಪಾಯ್ತು ಅಂತ ಕುಸ್ತೋದಿಯಾಗೆ ಹೇಳ್ಬೇಕಿತ್ತು, ನಕ್ಕು ಸುಮ್ನಾದೆ. ಈಗ ನಿನಗೆ ಹೇಳ್ತಿದೀನಿ ಅಬ್ದೋನಣ್ಣ. ತಪ್ಪಾಯ್ತು."

ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಆ ಊರು ಕೇಳಿದ್ದು ಅದೇ ಮೊದಲು. ಹಿಂದೆ ನಿಂತವರು ಏನೆಂದಳು ಎಂದು ಮುಂದಿನವರನ್ನು ಕೇಳಿದರು.

ಮುದುಕ ಟೋಪಿಯನ್ನು ಎರಡು ಸುತ್ತು ತಿರುಗಿಸಿದ. "ಅವಳಾಗಿದ್ರೆ ಮೊದ್ಲು ನಿಮ್ಮ ವೈನು ಕುಡ್ದು ನೋಡಿ, ಆಮೇಲೆ ಕ್ಷಮಿಸೋದೋ ಬಿಡೋದೋ ಹೇಳ್ತಿದ್ಲು. ತನ್ನಿ."

ಜನ ನಗುತ್ತಾ ಒಳಗೆ ನುಗ್ಗಿದರು. ಅಷ್ಟು ಮಂದಿ ಆ ಮನೆಯೊಳಗೆ ಹಿಂದೆಂದೂ ಬಂದಿರಲಿಲ್ಲ. ಕುಸ್ತೋದಿಯಾಳ ಕೂಸನ್ನು ರೇಷ್ಮೆ ಬಟ್ಟೆಯ ಮೇಲೆ ಮಲಗಿಸಿದರು, ಒಂದು ಮೂಲೆಯನ್ನು ದೆಯಾನಿರಾಳ ಕೈಗೇ ಕೊಡಬೇಕೆಂದು ಅಬ್ದೋನ್ ತಾನಾಗಿಯೇ ಹೇಳಿದ. ಅವಳು ಕಣ್ಣೊರೆಸಿಕೊಂಡು, ಮತ್ತೆ ತನ್ನ ದನಿಗೆ ಮರಳಿ, ಎಲ್ಲರನ್ನೂ ಗದರುತ್ತಾ ವೈನು ಬಗ್ಗಿಸತೊಡಗಿದಳು.

ಹಾಗೆ ಬಗ್ಗಿಸುತ್ತಿರುವಾಗ ನೋಡಿದಳು. ಅಬ್ದೋನ್ ಅವಳ ಗೋದಲಿಯ ಮುಂದೆ ನಿಂತಿದ್ದ. ಸೇತುವೆಯನ್ನು ಮೆಚ್ಚುವವನಂತೆ ಬಗ್ಗಿದ. ಹೊದ್ದಿದ್ದ ಕಂಬಳಿಯೊಳಗಿಂದ ಒಂದು ಕೈ ಹೊರಬಂದು ಅವಳ ಅಜ್ಜಿಯ ಕೂಸನ್ನು ಎತ್ತಿಕೊಂಡು ಒಳಗೆ ಹೋಯಿತು. ಮುದುಕನ ಕೈಗೆ ಚುರುಕು ಸಾಲದು, ಕೋಣೆಯಲ್ಲಿದ್ದವರೆಲ್ಲ ಕಂಡರು. ಬೆನೀಲ್ಡೆ ಗಡಿಬಿಡಿಯಲ್ಲಿ ಸೂರು ನೋಡಿದಳು, ಒಬ್ಬ ತನ್ನ ಬೂಟು ನೋಡಿಕೊಂಡ. ಸೊಯ್ಲೊನ ಕಮಾನು ತಂತಿಯ ಮೇಲೆ ನಿಂತುಹೋಯಿತು. ದೆಯಾನಿರಾ ಬಾಯಿ ತೆರೆದಳು. ಇಡೀ ಮನೆ ಉಸಿರು ಹಿಡಿದು ಕಾಯಿತು.

ಅವಳು ಹೂಜಿಯನ್ನು ಮೇಜಿನ ಮೇಲಿಟ್ಟು ಮುದುಕನ ಹತ್ತಿರ ಹೋದಳು. ಅವನ ಕಂಬಳಿಯ ಎರಡೂ ಅಂಚುಗಳನ್ನು ಎಳೆದು ಎದೆಯ ಮೇಲೆ ಬಿಗಿಯಾಗಿ ಹೊದಿಸಿದಳು.

"ಗಟ್ಟಿಯಾಗಿ ಹೊದ್ಕೊಂಡು ಹೋಗು ಅಬ್ದೋನಣ್ಣ. ಹೊರಗೆ ಚಳಿ ಜಾಸ್ತಿ. ಎಳೇ ಮೈ."

ಸೊಯ್ಲೊ ಪಿಟೀಲಿನ ತಂತಿಗಳನ್ನು ಮತ್ತೊಮ್ಮೆ ಬಿಗಿದುಕೊಂಡ. ನಾಳೆ ಸಂಜೆ ಅವನು ತನ್ನ ಮನೆಯ ಕೂಸನ್ನು ಹುಡುಕಲು ಹೊರಡಬೇಕಾಗಿತ್ತು.