ಬತ್ತೀನಿ ಅಂದ ಮಾತು

ದಾರ್ ಎಸ್ ಸಲಾಮ್‌ನ ಮಕ್ಕಳ ಆಸ್ಪತ್ರೆಯಲ್ಲಿ ಸ್ವಯಂಸೇವೆಯ ಕೊನೆಯ ದಿನ ನನ್ನ ವಾರ್ಡಿನ ಪುಟ್ಟ ಹುಡುಗಿ ನೀಮಾಳ ಕೈ ಹಿಡಿದಿದ್ದೆನೋ, ಬಾಗಿಲಲ್ಲೇ ನಿಂತು ಕೈಬೀಸಿದೆನೋ, ನೆನಪು ಈಗ ಎರಡನ್ನೂ ತೋರಿಸುತ್ತಿದೆ. ಆಡಿದ ಮಾತು ಮಾತ್ರ ಗೊತ್ತು: "ನಕುಜಾ." ನಮ್ಮೂರಿನ "ಬತ್ತೀನಿ"ಯನ್ನು ಹಾಗೇ ಸ್ವಾಹಿಲಿಗೆ ತಿರುಗಿಸಿದ್ದೆ.

ಇವತ್ತು ಕೈಲಾಂಚದಲ್ಲಿ ದೊಡ್ಡವ್ವನ ಜೊತೆ ರಾಮನಗರದ ಬಸ್ಸಿಗೆ ಕಾಯುತ್ತಿದ್ದಾಗ ಆ ಆಸ್ಪತ್ರೆಯ ನರ್ಸ್ ವಿಡಿಯೋ ಕಾಲ್ ಮಾಡಿದಳು. ನೀಮಾಳಿಗೆ ಇನ್ನೇನು ಹೃದಯದ ಆಪರೇಷನ್. ಕರೆದೊಯ್ಯಲು ಹೋದರೆ ಮಂಚದ ಕಂಬಿ ಬಿಡುತ್ತಿಲ್ಲವಂತೆ.

"ನೀವು ಬರ್ತೀನಿ ಅಂದಿದ್ದೀರಂತೆ. ಇಲ್ಲಿ ಹಾಗಂದರೆ ಈಗಲೇ ವಾಪಸ್ ಬರ್ತೀನಿ ಅಂತ ಅರ್ಥ. ಅವತ್ತಿಂದ ಕಾಯ್ತಿದ್ದಾಳೆ. ನೀವೇ ಏನಾದರೂ ಹೇಳಿ."

ಅತ್ತು ಅತ್ತು ಮಗುವಿನ ತುಟಿ ನೀಲಿಗಟ್ಟಿತ್ತು. ಇಂಥ ಮಕ್ಕಳನ್ನು ಅಳಲು ಬಿಡಬಾರದೆಂದು ವಾರ್ಡಿನಲ್ಲಿ ಮೊದಲೇ ಹೇಳಿಕೊಟ್ಟಿದ್ದರು.

ದೊಡ್ಡವ್ವ ಫೋನಿನೊಳಗೆ ಇಣುಕಿದಳು. "ಏನಂತವ್ವಾ ಮಗೀಗೆ?"

ಹೇಳಿದೆ.

"ಇನ್ನೇನು, ಆಸ್ಪತ್ರೇಲಿ ಮಲಗಿರೋ ಮಗೀಗೆ ಹೋಯ್ತೀನಿ ಅನ್ನಕ್ಕಾಯ್ತದಾ? ಬತ್ತೀನಿ ಅಂದಿದ್ದೇ ಸರಿ ಕಣವ್ವ."

"ಅದನ್ನ ನಿಜ ಅಂದ್ಕೊಂಡವ್ಳೆ ದೊಡ್ಡವ್ವ."

"ಸುಳ್ಳು ಅಂದ್ಕೋಬೇಕಿತ್ತಾ ಮತ್ತೆ?"

ನನ್ನ ಮುಖ ಕಂಡು ನೀಮಾ ಅಳು ನಿಲ್ಲಿಸಿದಳು. "ಉನಕುಜಾ?" ಅಂದಳು. ಬರ್ತಿದ್ದೀಯಾ ಅಂತ. ಬಸ್ಸು ಬಂದು ನಿಂತಿತು. ಕಂಡಕ್ಟರ್ ಹತ್ತಿ ಹತ್ತಿ ಎಂದು ಕೂಗುತ್ತಿದ್ದ. ನಾವಿಬ್ಬರೂ ಅಲ್ಲಾಡಲಿಲ್ಲ.

"ದೊಡ್ಡವ್ವ, ಬರಲ್ಲ ಅಂತ ಈಗಲೇ ಹೇಳಿಬಿಡ್ಲಾ, ಇಲ್ಲಾ ಹೂಂ ಅಂದು ಒಳಕ್ಕೆ ಕಳಿಸ್ಲಾ?"

ದೊಡ್ಡವ್ವ ಮಗುವನ್ನೇ ನೋಡುತ್ತಿದ್ದಳು.