ಸಿಟ್ಟಿಗೆ ತಿಂದ ಉಪ್ಪುಸೊಳೆ

ಬಾಯಿಗೆ ತುರುಕಿದ ಮೇಲೆಯೇ ಗೊತ್ತಾದದ್ದು, ಅದು ಜೇನಿನಲ್ಲಿ ಹಾಕಿಟ್ಟ ಹಲಸಿನ ಹಣ್ಣಲ್ಲ, ಮಳೆಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಟ್ಟ ಹಲಸಿನಕಾಯಿಯ ಸೊಳೆ! ನನ್ನನ್ನು ಬಿಟ್ಟು ನಮ್ಮ ಯಜಮಾನರು ಸುಳ್ಯದಿಂದ ಪುತ್ತೂರಿಗೆ ಟೆಂಟ್ ಸಿನಿಮಾಕ್ಕೆ ಹೋಗಿದ್ದರು. ಸಿಟ್ಟು ಬಂದಾಗಲೆಲ್ಲ ಉಗ್ರಾಣಕ್ಕೆ ನುಗ್ಗಿ ತಿನ್ನುವುದು ನನ್ನ ಅಭ್ಯಾಸ. ಅಂದು ಕತ್ತಲಲ್ಲಿ ಭರಣಿ ತಪ್ಪಿತ್ತು.

ಉಗುಳೋಣವೆಂದರೆ ಬಾಗಿಲಲ್ಲಿ ಅತ್ತೆ.

"ಹಸಿವಿಗೆ ತಿಂದದ್ದಾ, ಸಿಟ್ಟಿಗಾ?"

ಕಣ್ಣೀರು ಸುರಿಸುತ್ತಾ ಪುತ್ತೂರಿನ ದಿಕ್ಕಿಗೆ ಕೈ ತೋರಿಸಿದೆ.

"ಸಿಟ್ಟು ಅವನ ಮೇಲಲ್ವಾ? ಮತ್ತೆ ನಿನ್ನ ಬಾಯಿಗೆ ಎಂತಕ್ಕೆ ಹಾಕುದು ಮಾರಾಯ್ತಿ? ಅವನ ಬಾಯಿಗೆ ಹಾಕು!"

ಮರುದಿನ ನೀರಲ್ಲಿ ನೆನೆಸಿ ಉಪ್ಪು ಬಿಡಿಸದೆಯೇ ಸೊಳೆಯ ಪಲ್ಯ ಮಾಡಿ ಬಡಿಸಿದೆ. ಅತ್ತೆ ನಡೆದದ್ದನ್ನೆಲ್ಲ ಹೇಳಿ ನೀರಿನ ಕೊಡಪಾನವನ್ನೇ ಮಗನ ಪಕ್ಕ ಇಟ್ಟರು.

ಆಮೇಲೆ ಹಸಿವಿಲ್ಲದೆ ನಾನು ಭರಣಿ ಮುಟ್ಟಿಲ್ಲ. ಆದರೆ ಮುಚ್ಚಳದ ಸದ್ದಾದರೆ ಸಾಕು, ಯಜಮಾನರು ಜಗಲಿಯಿಂದಲೇ "ಹಸಿವಾ, ಸಿಟ್ಟಾ?" ಅಂತ ಕೇಳುತ್ತಾರೆ. ನಾನು ಸುಮ್ಮನಿದ್ದರೆ ಚಪ್ಪಲಿ ಮೆಟ್ಟಿ ಹೋಟೆಲಿಗೆ ಊಟಕ್ಕೆ ಹೊರಡುತ್ತಾರೆ.